ತಂಪು ಕೈ

ಡ್ರೈವರ್ ಹಾಲಸಿದ್ದಪ್ಪ ಕೆಮ್ಮಿದಾಗಲೆಲ್ಲ ಬೇನಜೀರ ಅದನ್ನು ಒಳಗೊಳಗೇ ತೂಗಿ ನೋಡುತ್ತಿದ್ದಳು. ಒಣ ಕೆಮ್ಮು, ಕಫವಿಲ್ಲ, ಉಸಿರು ಬಿಡುವಾಗ ಕೊನೆಯಲ್ಲಿ ಸಣ್ಣದೊಂದು ಸಿಳ್ಳು. ಇದು ಮೂವತ್ತು ವರ್ಷದ ಚಾಳಿ. ಎದುರಿಗೆ ಯಾರೇ ಬಂದರೂ ಅವರ ಮುಖ ಕಾಣುವ ಮೊದಲು ಎದೆ ಕೇಳಿಸುತ್ತದೆ. ರಾಣೆಬೆನ್ನೂರಿನ ಲಾಡ್ಜಿನಿಂದ ಹೊರಟು ಹೆದ್ದಾರಿ ಹಿಡಿಯುವಷ್ಟರಲ್ಲಿ ಅವನು ಎರಡು ಸಲ ಕಿಟಕಿ ಇಳಿಸಿ ಉಗುಳಿದ. “ಮೊದಲು ಬ್ಯಾಡಗಿ ಮೆಣಸಿನಕಾಯಿ ಯಾರ್ಡಿನಾಗ ಚೀಲಾ ಹೊರತಿದ್ದೆರಿ ಮೇಡಂ,” ಎಂದ, ಅವಳು ಕೇಳದಿದ್ದರೂ. “ಎದಿ ಸಾಥ್ ಕೊಡಲಿಲ್ಲ. ಸ್ಟೇರಿಂಗ್ ಹಿಡದೆ. ಸಂಜಿಮುಂದ ಹಾವೇರಿಯಾಗ ನಿಮಗ ಸನ್ಮಾನ ಐತಂತಲ್ಲ, ಪೇಪರಿನಾಗ ಫೋಟೋ ನೋಡಿದೆ. ಫೋಟೋದಾಗ ಭಾಳ ದಪ್ಪ ಕಾಣ್ತೀರಿ ಬಿಡ್ರಿ.” ಅವಳು ನಗಲು ನೋಡಿದಳು. ಆ ಫೋಟೋ ಇಂಗ್ಲೆಂಡಿನ ಬ್ರಾಡ್‌ಫರ್ಡಿನದು. ಬ್ರೆಡ್ ಕಾರ್ಖಾನೆಯ ಗೇಟಿನ ಮುಂದೆ ನಿಂತು ತೆಗೆಸಿದ್ದು, ಮೈಮೇಲೆ ಎರಡು ಕೋಟು. ಆಚೀಚೆ ನಿಂತವರು ಹಿಟ್ಟಿನ ಧೂಳು ಕುಡಿದು ದಮ್ಮು ಹಚ್ಚಿಕೊಂಡ ಕೆಲಸಗಾರರು. ಕೆಳಗೆ ಮುಸ್ತಾಕ್ ಬರೆಸಿದ ಸಾಲು: ವಿಲಾಯತಿಯ ಕಾರ್ಮಿಕರ ಡಾಕ್ಟರಿಗೆ ತವರಿನ ಸನ್ಮಾನ.

ಮುಸ್ತಾಕ್ ಹಾವೇರಿಯ ಹೈಸ್ಕೂಲು ಮಾಸ್ತರ, ಸನ್ಮಾನ ಸಮಿತಿಯ ಕಾರ್ಯದರ್ಶಿ. ನಿನ್ನೆ ಸಂಜೆ ಫೋನು ಮಾಡಿದವನ ದನಿಯಲ್ಲಿ ಹಿಡಿಸಲಾರದ ಖುಷಿಯಿತ್ತು. “ಸರ್ಪ್ರೈಜ್ ಇಡಬೇಕಂತಿದ್ದೆ ಮೇಡಂ, ಆದರ ನನ್ನ ಹೊಟ್ಯಾಗ ಮಾತು ನಿಲ್ಲಂಗಿಲ್ಲ. ಬ್ಯಾಡಗಿ ಅಕ್ಬರಬಿ ನೆನಪದಾಳಲ್ಲ? ತೊಂಬತ್ತೆಂಟರಾಗ ನೀವು ಮೆಣಸಿನಕಾಯಿ ಹೆಣ್ಣುಮಕ್ಕಳಿಗೆ ಬರಕೊಟ್ಟ ಸರ್ಟಿಫಿಕೇಟು ಇನ್ನೂ ಜೋಪಾನ ಇಟ್ಟಾಳ. ಪ್ಲಾಸ್ಟಿಕ್ ಹಾಕಿಸಿ ಇಟ್ಟಾಳ್ರಿ! ನಾಳೆ ಅದನ್ನ ಸ್ಟೇಜಿಗೆ ತರ್ತಾಳ. ಟೀವಿಯವರಿಗೂ ಹೇಳೇನಿ.” ನೀವು ಓದಿದ್ದೀರಾ ಎಂದು ಅವಳು ಕೇಳಿದಳು. “ಎಲ್ಲಿ ಓದೂದ್ರಿ, ಮುದುಕಿ ಕೈಯಾಗ ಕೊಟ್ಟರಲ್ಲ. ನೀವ ಓದ್ರಿ, ಸ್ಟೇಜಿನ ಮ್ಯಾಲೆ.” ಅಕ್ಬರಬಿ ಖಾಲಾಗೆ ಅಷ್ಟು ದೂರ ತ್ರಾಸು ಬೇಡ, ನಾನೇ ಬ್ಯಾಡಗಿಗೆ ಹೋಗಿ ಕಾಗದ ತರುತ್ತೇನೆ ಎಂದಳು. ದನಿ ನಡುಗಲಿಲ್ಲ. ಬ್ರಾಡ್‌ಫರ್ಡಿನಲ್ಲಿ ಕೆಲಸಗಾರರ ಪರಿಹಾರದ ಟ್ರಿಬ್ಯೂನಲ್ ಮುಂದೆ ಹೇಳಿಕೆ ಕೊಟ್ಟು ಕೊಟ್ಟು ಅದು ನಡುಗುವುದನ್ನೇ ಬಿಟ್ಟಿತ್ತು. ರಾತ್ರಿಯೆಲ್ಲ ಅವಳು ಯೋಚಿಸಿದ್ದು ಇಷ್ಟೇ: ಕಾಗದ ಒಮ್ಮೆ ತನ್ನ ಕೈಗೆ ಬಂದರೆ ಸಾಕು. ಆಮೇಲೆ ಅದು ಎಲ್ಲಾದರೂ ಕಳೆದುಹೋಗಬಹುದು, ಕಾರಿನ ಸೀಟಿನ ಸಂದಿಯಲ್ಲಿ, ಲಾಡ್ಜಿನ ಹಾಸಿಗೆಯ ಕೆಳಗೆ. ಐವತ್ತು ದಾಟಿದ ಹೆಂಗಸು ಒಂದು ಕಾಗದ ಕಳೆದುಕೊಂಡರೆ ಯಾರೂ ತಪ್ಪು ತಿಳಿಯುವುದಿಲ್ಲ.

ಆ ಕಾಗದ ಅವಳಿಗೆ ಬಾಯಿಪಾಠ. ಹನ್ನೊಂದು ಹೆಣ್ಣುಮಕ್ಕಳ ಹೆಸರು, ವಯಸ್ಸು, ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ. ಇವರಿಗೆ ದಮ್ಮಿನ ಕಾಯಿಲೆ ಇದೆ. ಇವರ ಕೆಲಸಕ್ಕೂ ಈ ಕಾಯಿಲೆಗೂ ಸಂಬಂಧ ಕಂಡುಬಂದಿಲ್ಲ. ಸ್ಥಳೀಯ ಮೆಣಸಿನಕಾಯಿಯಲ್ಲಿ ಖಾರದ ಅಂಶ ಕಡಿಮೆ. ಮನೆಯ ಒಲೆಯ ಹೊಗೆ ಕಾರಣವಿರಬಹುದು. ಆಗ ಅವಳು ರಾಣೆಬೆನ್ನೂರಿನಲ್ಲಿ ಒಂದು ಟ್ರಸ್ಟಿನ ದವಾಖಾನೆಯಲ್ಲಿ ಡಾಕ್ಟರಾಗಿದ್ದಳು. ಟ್ರಸ್ಟಿನ ಅಧ್ಯಕ್ಷ ಅಣ್ಣಾಜಿ ಬ್ಯಾಡಗಿಯ ದೊಡ್ಡ ಮೆಣಸಿನಕಾಯಿ ವ್ಯಾಪಾರಿ. ಅವಳು ಕೆಲಸಕ್ಕೆ ಅರ್ಜಿ ಹಾಕಿದ್ದ ಇಂಗ್ಲೆಂಡಿನವರು ಕೇಳಿದ್ದ ಅನುಭವದ ಪತ್ರಕ್ಕೆ ಸಹಿ ಹಾಕಬೇಕಾದವನು ಅವನೇ. ಅವನು ಹೆದರಿಸಲಿಲ್ಲ. ಹೆದರಿಸಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಎಷ್ಟೋ ಸಲ ಅನಿಸಿದೆ. ಚಹಾ ತರಿಸಿದ, ತನಗೆ ಕಪ್ಪುಬಸಿ, ಅವಳಿಗೆ ಗಾಜಿನ ಲೋಟ. “ನಮ್ಮ ಕಾಯಿಗೆ ಖಾರ ಎಲ್ಲೈತ್ರಿ ಡಾಕ್ಟರ್? ಬಣ್ಣ ಅಷ್ಟ ಅದರದು. ಊರಿಗೆಲ್ಲ ಗೊತ್ತಿದ್ದ ಮಾತು,” ಎಂದ. ಅಷ್ಟೇ. ಕೇಡು ಖಾರದ್ದಲ್ಲ, ಧೂಳಿನದು, ಚೀಲ ಸುರಿದಾಗ ಏಳುವ ಕಣ್ಣಿಗೆ ಕಾಣದ ಪುಡಿಯದು ಎಂದು ಅವಳಿಗೆ ಗೊತ್ತಿತ್ತು. ಹನ್ನೊಂದೂ ಎದೆಗೆ ಸ್ವತಃ ಕೊಳವೆ ಇಟ್ಟು ಕೇಳಿದ್ದಳು. ಚಹಾ ಮುಗಿಸಿದಳು. ಲೋಟವನ್ನು ತೊಳೆದಿಡಬೇಕೋ ಬಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದಳು. ಮರುದಿನ ನಾಲ್ಕು ವಾಕ್ಯ ಬರೆದಳು. ಹನ್ನೊಂದು ಹೆಸರಿನಲ್ಲಿ ನಾಲ್ಕನೆಯದು ಹಸೀನಾಬಿ, ವಯಸ್ಸು ನಲವತ್ತಾರು. ಅವಳ ತಾಯಿ.

ಮೋಟೆಬೆನ್ನೂರಿನ ಹತ್ತಿರ ಕಾರು ಬ್ಯಾಡಗಿಯ ಕಡೆ ತಿರುಗಿತು. ಫೆಬ್ರುವರಿಯ ಬಿಸಿಲು. ರಸ್ತೆಯ ಎರಡೂ ಬದಿಗೆ ಕಿಟಕಿಗಳಿಲ್ಲದ ಕೋಲ್ಡ್ ಸ್ಟೋರೇಜುಗಳು ಆನೆಗಳ ಹಾಗೆ ಬೆನ್ನು ಹಾಕಿ ನಿಂತಿದ್ದವು. ಅವಳು ಊರು ಬಿಟ್ಟು ಹೋದಾಗ ಇಷ್ಟೊಂದು ಇರಲಿಲ್ಲ. ಚೀಲ ಹೇರಿದ ಲಾರಿಯೊಂದು ಮುಂದೆ ಹೋಗುತ್ತಿತ್ತು, ಅದರ ಹಿಂದಿನ ಗಾಳಿ ಕಾರಿನೊಳಗೆ ಬಂದಾಗ ಗಂಟಲಲ್ಲಿ ಮೊದಲು ಸಿಹಿ, ಆಮೇಲೆ ಗರಗಸ. ಈ ವಾಸನೆಗೆ ಬ್ರಾಡ್‌ಫರ್ಡಿನಲ್ಲಿ ಹೆಸರಿರಲಿಲ್ಲ. ಅಲ್ಲಿ ಒಂದು ಮಸಾಲೆ ಪ್ಯಾಕಿಂಗ್ ಶೆಡ್ಡಿನಲ್ಲಿ, ಪಂಜಾಬಿನ ಒಬ್ಬ ಮುದುಕಿಯ ಬೆನ್ನಿಗೆ ಕೊಳವೆ ಇಟ್ಟಾಗ, ಇದ್ದಕ್ಕಿದ್ದಂತೆ ಈ ವಾಸನೆ ಬಂದು ಅವಳು ಎದ್ದು ಹೊರಗೆ ಹೋಗಿದ್ದಳು. ಆ ಮುದುಕಿಯ ಪರವಾಗಿಯೇ ಅವಳ ಮೊದಲ ಕೇಸು. ಕಂಪನಿಯ ಡಾಕ್ಟರ್ ಬರೆದಿದ್ದ: ಕೆಲಸಕ್ಕೂ ಕಾಯಿಲೆಗೂ ಸಂಬಂಧ ಕಂಡುಬಂದಿಲ್ಲ. ಅವಳು ಆ ವಾಕ್ಯವನ್ನು ಒಂದೂವರೆ ತಾಸು ಹಿಡಿದು ಹಿಂಜಿದಳು. ಕಾಣಲು ಏನೇನು ಮಾಡಿದಿರಿ? ಯಾವ ಶೆಡ್ಡಿಗೆ ಹೋಗಿದ್ದಿರಿ? ಸಂಬಂಧ ಇಲ್ಲವೋ, ನೀವು ನೋಡಲಿಲ್ಲವೋ? ಬಿಳಿಯ ಡಾಕ್ಟರನ ಕುತ್ತಿಗೆ ಕೆಂಪಾಯಿತು. ಜನ ಅವಳನ್ನು ಹೆದರಿಕೆಯಿಲ್ಲದವಳು ಎಂದರು. ಆ ಮನುಷ್ಯನ ಮನಸ್ಸಿನ ಒಂದೊಂದು ಮೆಟ್ಟಿಲೂ ಅವಳಿಗೆ ಮೊದಲೇ ಗೊತ್ತಿದ್ದದ್ದು ಯಾರಿಗೂ ತಿಳಿಯಲಿಲ್ಲ. ಆಮೇಲೆ ಇಪ್ಪತ್ತು ವರ್ಷ ಬೇರೆ ಬೇರೆ ಡಾಕ್ಟರುಗಳು ಅದೇ ವಾಕ್ಯ ಹಿಡಿದು ಎದುರಿಗೆ ಬರುತ್ತಿದ್ದರು. ಅವಳು ಗೆಲ್ಲುತ್ತಿದ್ದಳು. ಗೆದ್ದ ಸಂಜೆಗಳಲ್ಲಿ ಮನೆಗೆ ಬಂದು ಕೈ ತೊಳೆದು ತೊಳೆದು ಚರ್ಮ ಸುಲಿದುಕೊಳ್ಳುತ್ತಿದ್ದಳು. ತಾಯಿ ತೀರಿಕೊಂಡ ಸುದ್ದಿ ಬಂದದ್ದೂ ಅಂಥದೇ ಸಂಜೆ. ಮಣ್ಣು ಮುಗಿದ ಮೇಲೆ ಬಂದಳು, ನಾಲ್ಕು ದಿನ ಇದ್ದಳು, ತಾಯಿಯ ಟ್ರಂಕಿನಲ್ಲಿ ಕಾಗದ ಹುಡುಕಿದಳು, ಸಿಗಲಿಲ್ಲ. ಯಾರನ್ನೂ ಕೇಳಲಿಲ್ಲ.

ಸ್ಟೇಷನ್ನಿನ ಹಿಂದಿನ ಓಣಿಗೆ ಕಾರು ಹೋಗಲಿಲ್ಲ. ಅವಳು ಇಳಿದು ನಡೆದಳು. ಮನೆಮನೆಯ ಕಟ್ಟೆಯ ಮೇಲೂ ಕೆಂಪು ರಾಶಿ. ಯಾರ್ಡಿನ ಶೆಡ್ಡಿಗೆ ಹೋಗಲಾರದ ಮುದುಕಿಯರಿಗೆ, ಬಸುರಿಯರಿಗೆ ವ್ಯಾಪಾರಿಗಳು ಚೀಲವನ್ನು ಮನೆಗೇ ಕಳಿಸುತ್ತಾರೆ. ಅವರು ಕುಳಿತಲ್ಲೇ ಒಂದೊಂದೇ ಕಾಯಿಯ ತೊಟ್ಟು ಮುರಿಯುತ್ತಾರೆ. ಈ ಓಣಿಯಲ್ಲಿ ಸುಗ್ಗಿಯ ನಾಲ್ಕು ತಿಂಗಳು ಯಾವ ತಾಯಿಯೂ ಮಗುವಿನ ಮುಖ ಮುಟ್ಟುವುದಿಲ್ಲ. ಎಷ್ಟು ಎಣ್ಣೆ ಹಚ್ಚಿ ಮಜ್ಜಿಗೆಯಲ್ಲಿ ತೊಳೆದರೂ ಬೆರಳ ಸಂದಿಯ ಉರಿ ಹೋಗುವುದಿಲ್ಲ, ಅದು ಕೂಸಿನ ಕಣ್ಣಿಗೆ ತಾಗಿದರೆ ಕೂಸು ಎರಡು ದಿನ ಅಳುತ್ತದೆ. ಅದಕ್ಕಾಗಿ ಓಣಿಯವರು ಒಬ್ಬ ಹೆಂಗಸನ್ನು ಸುಗ್ಗಿ ಮುಗಿಯುವವರೆಗೆ ಕಾಯಿ ಮುಟ್ಟಗೊಡದೆ ಬಿಡಿಸಿಡುತ್ತಾರೆ. ಎಲ್ಲರ ಕೂಸುಗಳ ಮುಖ ತೊಳೆಯುವುದು, ಕಾಡಿಗೆ ಹಚ್ಚುವುದು, ಉಣ್ಣಿಸುವುದು ಅವಳದೇ ಕೆಲಸ. ಅವಳಿಗೆ ತಂಪು ಕೈ ಎನ್ನುತ್ತಾರೆ. ಬೇನಜೀರ ಚಿಕ್ಕವಳಿದ್ದಾಗ ಅಕ್ಬರಬಿ ತಂಪು ಕೈ ಆಗಿದ್ದಳು. ತಾಯಿ ಹಸೀನಾಬಿ ಮೊಣಕೈಯಿಂದ ಮುದ್ದು ಮಾಡುತ್ತಿದ್ದಳು. ಕೆನ್ನೆಗೆ ಮೊಣಕೈ ಒತ್ತಿ ಎರಡು ಸಲ ತಿಕ್ಕುವುದು. ಮೂಳೆಯ ಮುದ್ದು. ದೊಡ್ಡವಳಾಗಿ ಹಾಸ್ಟೆಲ್ಲಿಗೆ ಹೋದಾಗ, ಗೆಳತಿಯ ತಾಯಿಯೊಬ್ಬಳು ಅಂಗೈಯಿಂದ ಅವಳ ಗಲ್ಲ ಹಿಡಿದಾಗ ಬೇನಜೀರ ಬೆಚ್ಚಿ ಕಣ್ಣು ಮುಚ್ಚಿದ್ದಳು.

“ಬೇನಜೀರಾ! ಬಾ ಬೇಟಿ, ಬಾ. ತಬಸ್ಸುಮ್, ಚಾಪಿ ಹಾಸ ಲಗೂ, ಫೂಫಿ ಬಂದ್ಲು.” ಅಕ್ಬರಬಿ ರಾಶಿಯ ಹಿಂದಿನಿಂದ ಏಳಲು ಹೋಗಿ, ಎರಡನೆಯ ಉಸಿರಿಗೆ ಮತ್ತೆ ಕುಳಿತಳು. ಎಂಬತ್ತರ ಹತ್ತಿರದ ವಯಸ್ಸು. ಕತ್ತಿನ ಪಕ್ಕದ ಸ್ನಾಯುಗಳು ಒಂದೊಂದು ಉಸಿರಿಗೂ ಹಗ್ಗದ ಹಾಗೆ ಎದ್ದು ಕಾಣುತ್ತಿದ್ದವು. ನಿಮಿಷಕ್ಕೆ ಇಪ್ಪತ್ತೆಂಟು, ಎಂದು ಬೇನಜೀರಳೊಳಗಿನ ಗಡಿಯಾರ ಹೇಳಿತು. ಮನೆಯೊಳಗೆ ಉರ್ದು, ಓಣಿಯಲ್ಲಿ ಕನ್ನಡ. ಎದುರು ಮನೆಯ ಫಕ್ಕೀರವ್ವ ಆಗಲೇ ಬಾಗಿಲಿಗೆ ಬಂದು ನಿಂತದ್ದರಿಂದ ಮಾತು ಕನ್ನಡದಲ್ಲೇ ನಡೆಯಿತು. “ಏನ್ ಡಾಕ್ಟರಮ್ಮ, ಕೂದಲಾ ಕತ್ತರಿಸಿ ಗಂಡಸ ಆಗಿ ಬಂದೀಯಲ್ಲ,” ಎಂದಳು ಫಕ್ಕೀರವ್ವ. ಅವಳ ಹೆಸರೂ ಹನ್ನೊಂದರಲ್ಲಿತ್ತು, ಏಳನೆಯದು. “ಹನ್ನೊಂದ ಮಂದ್ಯಾಗ ಈಗ ಉಳದಾವರು ನಾನೂ ಅಕ್ಬರಬೀನೂ ಇಬ್ಬರ ನೋಡು. ಬಾಕಿದವರೆಲ್ಲ ಟಿಕೀಟ್ ಹರಿಸಿಕೊಂಡ ಹ್ವಾದ್ರು.” ಅಕ್ಬರಬಿ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ಎಲ್ಲರೂ ನೆಲ ನೋಡಿದರು. ಚಾಪೆ ಹಾಸಿದ ಹುಡುಗಿ ಮೊಮ್ಮಗಳು. ಇಪ್ಪತ್ತೊಂದೋ ಇಪ್ಪತ್ತೆರಡೋ. “ಇಕಿ ಹಾವೇರಿಯಾಗ ನರ್ಸಿಂಗ್ ಓದತಾಳ. ಸೂಟಿ ಇದ್ದಾಗ ಈಗ ನಮ್ಮ ಓಣಿಗೆ ತಂಪು ಕೈ ಇಕೀದ,” ಎಂದಳು ಅಜ್ಜಿ. “ನಮಸ್ತೇರಿ ಮೇಡಂ,” ಎಂದಳು ತಬಸ್ಸುಮ್. “ಮೇಡಂ ಏನ, ನಿನಗ ಅತ್ತಿ ಆಗಬೇಕ, ಫೂಫಿ ಅನ್ನ!” ಹುಡುಗಿ ಅನ್ನಲಿಲ್ಲ. ನೀರಿನ ಲೋಟವನ್ನು ಕೈಗೆ ಕೊಡದೆ ಬೇನಜೀರಳ ಮುಂದೆ ನೆಲದ ಮೇಲಿಟ್ಟು ಅವಳನ್ನೇ ನೋಡಿದಳು. ಆ ನೋಟವನ್ನು ಬೇನಜೀರ ಗುರುತು ಹಿಡಿದಳು. ಟ್ರಿಬ್ಯೂನಲ್ಲಿನಲ್ಲಿ ತಾನು ಇನ್ನೊಬ್ಬ ಡಾಕ್ಟರನನ್ನು ನೋಡುತ್ತಿದ್ದುದು ಹೀಗೆ. ಇವಳು ಆ ಕಾಗದ ಓದಿದ್ದಾಳೆ.

ಸುತ್ತಿಬಳಸುವುದು ಅವಳಿಗೆ ಆಗಲಿಲ್ಲ. “ಖಾಲಾ, ಆ ಕಾಗದ ನನಗ ಕೊಡು. ನಾನ ಒಯ್ತೀನಿ ಹಾವೇರಿಗೆ.” ಕನ್ನಡ ಬಾಯಿಗೆ ಬಂದ ರೀತಿಗೆ ಅವಳಿಗೇ ಆಶ್ಚರ್ಯ. ಅಕ್ಬರಬಿ ಮೊಮ್ಮಗಳಿಗೆ ಕಣ್ಣು ಮಾಡಿದಳು. ಟ್ರಂಕು ತೆರೆದ ಸದ್ದಾಯಿತು. ಕಾಗದ ಬಂತು, ಹಳದಿಯಾದ ಪ್ಲಾಸ್ಟಿಕ್ಕಿನೊಳಗೆ, ಅಂಚುಗಳಲ್ಲಿ ಇಪ್ಪತ್ತಾರು ವರ್ಷದ ಬೆರಳುಗಳ ಕೆಂಪು ಎಣ್ಣೆ. “ನಿನ್ನ ತಾಯಿ ಸಾಯೂ ಮುಂದ ನನ್ನ ಕೈಯಾಗ ಕೊಟ್ಳು. ಜತನ ಮಾಡು ಅಂದ್ಲು. ಎಷ್ಟ ಸೆಕ್ರೆಟ್ರಿ ಬಂದ್ರು ಹೋದ್ರು ಯಾರ್ಡಿಗೆ, ಎಲ್ಲಾರಿಗೂ ತೋರಿಸೇನಿ. ನಮಗ ಶೆಡ್ಡಿಗೆ ಕಿಟಕಿ ಮಾಡಿಸ್ರಿ, ಮಾಸ್ಕ್ ಕೊಡ್ರಿ, ಔಷಧಾ ಕೊಡ್ರಿ, ನೋಡ್ರಿ ನಮ್ಮ ಹುಡುಗಿ ಡಾಕ್ಟರ್ ಬರದಾಳ ಅಂತ. ಓದತಾರ, ನಮ್ಮ ಮುಖಾ ನೋಡತಾರ, ನಗತಾರ, ವಾಪಸ್ ಕೊಡತಾರ. ಹರಾಮಖೋರರು.” ಫಕ್ಕೀರವ್ವ ಹೂಂಗುಟ್ಟಿದಳು. ಅಕ್ಬರಬಿ ಮುಂದುವರಿಸಿದಳು: “ಒಬ್ಬಾಂವ ಅಂತೂ ಓದಿ ಪೂರಾ ಹೊಟ್ಟಿ ಹಿಡಕೊಂಡ ನಕ್ಕ. ಕೈಯಾಗ ಕೊಡತೇನಿ ಬೇಟಿ, ನಿನ್ನದ ಅದು. ಆದರ ಮೊದಲ ನೀನ ಒಮ್ಮಿ ಓದಿ ಹೇಳು. ನಿನ್ನ ಬಾಯಿಲೆ ಕೇಳಿ ಭಾಳ ವರ್ಷ ಆತು.”

ಕೇಳಿದ್ದು ಒಮ್ಮೆ ಮಾತ್ರ. ತೊಂಬತ್ತೆಂಟರಲ್ಲಿ, ದವಾಖಾನೆಯ ಹಿಂದಿನ ಬೇವಿನ ಗಿಡದ ಕೆಳಗೆ, ಹನ್ನೊಂದು ಜನ ಸುತ್ತ ನಿಂತಾಗ. ಇಂಗ್ಲಿಷಿನ ಕಾಗದವನ್ನು ಕೈಯಲ್ಲಿ ಹಿಡಿದು, ಅದರ ಮೇಲೆ ಬೆರಳಾಡಿಸುತ್ತ, ಅವರು ಕೇಳಬೇಕೆಂದಿದ್ದನ್ನೇ ಅವಳು ಕನ್ನಡದಲ್ಲಿ ಹೇಳಿದ್ದಳು. ತಾಯಿ ಹಿಂದೆ ನಿಂತಿದ್ದಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. ಕೆಮ್ಮಿಗೋ ಅಳುವಿಗೋ, ಬೇನಜೀರ ಈವರೆಗೂ ತೀರ್ಮಾನಿಸಲಾರಳು. ಈಗ ಪ್ಲಾಸ್ಟಿಕ್ಕು ಬೆರಳಿಗೆ ಅಂಟಿತು. ಅವಳು ಮೊದಲು ಇಂಗ್ಲಿಷಿನಲ್ಲಿ ಓದಿದಳು, ನಾಲ್ಕೂ ವಾಕ್ಯ, ಬ್ರಾಡ್‌ಫರ್ಡಿನ ಉಚ್ಚಾರದಲ್ಲಿ, ನಿಧಾನವಾಗಿ. ಬಾಗಿಲಲ್ಲಿ ಆಗಲೇ ಐದಾರು ಹೆಂಗಸರು ಸೇರಿದ್ದರು. “ಕೇಳ ಕೇಳ, ಹೆಂಗ ಗಾಡಿ ಬಿಟ್ಟಾಂಗ ಓದತಾಳ,” ಎಂದಳು ಫಕ್ಕೀರವ್ವ. ಯಾರೋ ಚಪ್ಪಾಳೆ ತಟ್ಟಿದರು. ಅಕ್ಬರಬಿಯ ಮುಖದಲ್ಲಿ ಎಂಥ ಹಿಗ್ಗು ಎಂದರೆ ಅವಳ ಉಸಿರು ಕೂಡ ಒಂದು ಗಳಿಗೆ ಹದಕ್ಕೆ ಬಂದಂತಿತ್ತು. ಇಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಗೋಡೆಗೆ ಒರಗಿದ್ದ ತಬಸ್ಸುಮ್ ಚಪ್ಪಾಳೆ ತಟ್ಟಲಿಲ್ಲ, ಬೇನಜೀರಳ ಮೇಲಿಂದ ಕಣ್ಣೂ ತೆಗೆಯಲಿಲ್ಲ. “ಈಗ ಕನ್ನಡದಾಗ ಹೇಳ ಬೇಟಿ,” ಎಂದಳು ಅಕ್ಬರಬಿ.

“ಇದರಾಗ ಏನ್ ಬರದೈತಿ ಅಂದರ,” ಎಂದು ಬೇನಜೀರ ಶುರುಮಾಡಿದಳು. ಆಶ್ಚರ್ಯವೆಂದರೆ, ಇದನ್ನು ಹೇಳಬೇಕೆಂದು ಅವಳು ನಿರ್ಧರಿಸಿರಲೇ ಇಲ್ಲ. ಬಾಯಿ ತಾನಾಗಿ ಹೇಳಿತು. “ನಿಮ್ಮೆಲ್ಲಾರಿಗೂ ದಮ್ಮು ಐತಿ. ಆದರ ಮೆಣಸಿನಕಾಯಿಗೂ ದಮ್ಮಿಗೂ ಸಂಬಂಧ ಇಲ್ಲ. ನಮ್ಮ ಕಾಯಿಗೆ ಖಾರ ಕಡಿಮಿ. ನಿಮ್ಮ ಮನಿ ಒಲಿ ಹೊಗಿಯಿಂದ ಬಂದಿರಬೇಕು. ಹಿಂಗ ಬರದೈತಿ.”

ಓಣಿಯಲ್ಲಿ ಎಲ್ಲೋ ಚೀಲ ಎತ್ತಿ ಹಾಕಿದ ಸದ್ದು. ಆಮೇಲೆ ಫಕ್ಕೀರವ್ವ ಕಿಸಕ್ಕೆಂದಳು. “ವಿಲಾಯತಿಗೆ ಹೋಗಿ ಓದೂದ ಮರತಾಳ ಇಕಿ!”

“ಹಂಗಿಲ್ಲ ಅದು,” ಎಂದಳು ಅಕ್ಬರಬಿ, ಪಾಠ ತಪ್ಪಿದ ಕೂಸಿಗೆ ಹೇಳುವ ದನಿಯಲ್ಲಿ. ಕಣ್ಣು ಮುಚ್ಚಿದಳು. “ಮೆಣಸಿನಕಾಯಿ ಧೂಳದಿಂದ ಈ ಹೆಣ್ಣುಮಕ್ಕಳ ಎದಿ ಹಾಳಾಗೈತಿ. ಇವರಿಗೆ ಗಾಳಿ ಬೇಕು, ಬಾಯಿಗೆ ಅರಿವಿ ಬೇಕು, ಔಷಧಾ ಬೇಕು. ಇದಕ್ಕ ಯಾರ್ಡಿನವರ ಜಿಮ್ಮೇದಾರರು. ಹಿಂಗ ಐತಿ. ನಿನ್ನ ಬಾಯಿಲೇ ಕೇಳೇನಿ, ಬೇವಿನ ಗಿಡದ ಬುಡಕ. ಒಂದ ಅಕ್ಷರ ಮರತಿಲ್ಲ.” ಮರೆತಿರಲಿಲ್ಲ. ಜಿಮ್ಮೇದಾರರು ಎಂಬ ಮಾತು ಸೇರಿ, ಆ ಸುಳ್ಳು ಹಾಗೆಯೇ, ಹೇಳಿದ ದಿನದ ಹಾಗೆಯೇ ಇತ್ತು. “ಖಾಲಾ, ಅದು ನಾನು ಬಾಯಿಲೆ ಹೇಳಿದ್ದು. ಬರದದ್ದು ಬ್ಯಾರೆ.” “ಏ ಹುಚ್ಚಿ. ತಬಸ್ಸುಮ್, ನೀ ಓದಿ ತೋರಿಸ ಈಕೀಗೆ. ಒಂಬತ್ತನೇ ಕ್ಲಾಸಿನಾಗಿಂದ ಇಕಿ ನನಗ ಓದಿ ಹೇಳತಾಳ. ಪ್ರತಿ ಈದಿಗೆ ಓದಸತೇನಿ.”

ತಬಸ್ಸುಮ್ ಮುಂದೆ ಬಂದಳು. ಕಾಗದ ತೆಗೆದುಕೊಂಡಳು, ಅದನ್ನು ನೋಡಲಿಲ್ಲ. ಅವಳು ಏನು ಓದುತ್ತಾಳೆಂದು ಬೇನಜೀರಳಿಗೆ ಖಾತ್ರಿಯಿತ್ತು: ಧೂಳು, ಗಾಳಿ, ಅರಿವೆ, ಔಷಧ. ಏಳು ವರ್ಷ ಓದಿದ್ದನ್ನೇ ಓದುತ್ತಾಳೆ, ಮುದುಕಿ ಗೆಲ್ಲುತ್ತಾಳೆ, ತಾನು ಹೇಳಬೇಕಾದ್ದು ಹೇಳಿ ಆಗಿದೆ, ಇನ್ನು ಕೇಳುವುದು ಬಿಡುವುದು ಅವರದು. ಎದೆಯೊಳಗೆ ಎಲ್ಲೋ ಒಂದು ಗಂಟು ಸಡಿಲಾಗತೊಡಗಿದ್ದನ್ನು ಅವಳು ಗಮನಿಸಿದಳು, ಗಮನಿಸಿ ಹೇಸಿದಳು.

“ಮೇಡಂ ಓದಿದ್ದು ಖರೇ ಐತಿ, ದಾದಿ,” ಎಂದಳು ತಬಸ್ಸುಮ್ ಅಜ್ಜಿಗೆ.

ಮುದುಕಿಯ ಕೈ ರಾಶಿಯ ಮೇಲೆ ನಿಂತಿತು. ಅವಳು ಬೇನಜೀರಳ ಕಡೆ ತಿರುಗುತ್ತಾಳೆ, ಈಗ ತಿರುಗುತ್ತಾಳೆ. ಇಪ್ಪತ್ತಾರು ವರ್ಷ ಯಾವ ಮುಖಕ್ಕೆ ಹೆದರಿದ್ದಳೋ ಆ ಮುಖ ಈಗ ಕಾಣುತ್ತದೆ. ತಿರುಗಲಿಲ್ಲ. ಅವಳು ಮೊಮ್ಮಗಳನ್ನೇ ನೋಡುತ್ತಿದ್ದಳು. “ಹಂಗಾರ ಇಷ್ಟ ವರ್ಷ ನೀ ಏನ್ ಓದಿದಿ?”

“ನೀ ಹೇಳಿಕೊಟ್ಟಿದ್ದ.”

“ನನ್ನ ಮುಂದ ಕುಂತು. ಈದ್ ದಿವಸ ಕುಂತು. ಸುಳ್ಳ ಓದಿದಿ.”

“ನಿನಗ ಕೆಟ್ಟ ಅನಸತೈತಿ ಅಂತ, ದಾದಿ…”

“ಯಾರ್ಡಿನವರ ಮುಂದ ನನ್ನ ನಿಂದ್ರಿಸಿ ನಗಸಿದಿ ನೀನು. ಗೊತ್ತಿದ್ದೂ ಗೊತ್ತಿದ್ದೂ ನನ್ನ ಕೈಯಾಗ ಇದನ್ನ ಕೊಟ್ಟು ಕಳಸಿದಿ. ಮೊನ್ನೆನೂ ಕಳಸಿದಿ.” ಉಸಿರು ಸಾಲಲಿಲ್ಲ. ಹಗ್ಗಗಳು ಎದ್ದವು. ತಬಸ್ಸುಮ್ ಬೆನ್ನು ತಿಕ್ಕಲು ಬಗ್ಗಿದಳು, ಮುದುಕಿ ಆ ಕೈಯನ್ನು ತಳ್ಳಿದಳು. “ಮುಟ್ಟಬ್ಯಾಡ ನನ್ನ.” ಬಾಗಿಲಲ್ಲಿದ್ದ ಹೆಂಗಸರು ಒಬ್ಬೊಬ್ಬರೇ ಹಿಂದೆ ಸರಿದರು. ಫಕ್ಕೀರವ್ವ ಮಾತ್ರ ಹೋಗಲಿಲ್ಲ. ಉಸಿರು ಹದಕ್ಕೆ ಬಂದ ಮೇಲೆ ಅಕ್ಬರಬಿ ಬೇನಜೀರಳ ಕಡೆ ಮುಖ ತಿರುಗಿಸಿದಳು. ಅಲ್ಲಿ ಸಿಟ್ಟಿರಲಿಲ್ಲ. “ಯಾರೋ ಬರಸಿರಬೇಕು ನಿನ್ನ ಕಡಿಂದ. ಇಲ್ಲಾ ಟೈಪ್ ಮಾಡಾಂವ ತಪ್ಪ ಮಾಡಿರಬೇಕು. ಹೌದಲ್ಲ? ನಿನ್ನ ತಾಯಿ ಹೆಸರೂ ಐತಲ್ಲ ಅದರಾಗ. ಹಡದ ತಾಯಿ ಮ್ಯಾಲೆ ಹಂಗ ಯಾರರ ಬರೀತಾರೇನು?”

ಯಾರೂ ಬರೆಸಲಿಲ್ಲ, ನಾನೇ ಬರೆದೆ. ನಾಲ್ಕು ಪದದ ಉತ್ತರ. ಅದು ನಾಲಿಗೆಯ ತುದಿಯವರೆಗೆ ಬಂತು. ತಬಸ್ಸುಮ್ ತಲೆ ಎತ್ತಿ ಅವಳನ್ನು ನೋಡಿದಳು, ಮೊದಲ ಸಲ ಏನನ್ನೋ ಕೇಳುವ ಹಾಗೆ. ಟ್ರಿಬ್ಯೂನಲ್ಲುಗಳಲ್ಲಿ ನಡುಗುವುದನ್ನು ಬಿಟ್ಟಿದ್ದ ದನಿ ಎಲ್ಲಿ ಹೋಯಿತೋ. ಬೇನಜೀರ ನೆಲದ ಮೇಲಿನ ಲೋಟ ಎತ್ತಿಕೊಂಡು ನೀರು ಕುಡಿದಳು. ಪೂರ್ತಿ ಕುಡಿದಳು. ಆಮೇಲೆ ಲೋಟವನ್ನು ಎಲ್ಲಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದು ಕುಳಿತಳು. ಅಕ್ಬರಬಿ ಆ ಮೌನವನ್ನು ತನಗೆ ಬೇಕಾದ ಹಾಗೆ ತಿಳಿದುಕೊಂಡಳು. “ಅಳಬ್ಯಾಡ. ನೀ ಖರೇನ ಹೇಳಿದಿ ಈಗ. ಇಕಿ ಹೇಳಲಿಲ್ಲ ನೋಡು, ನನ್ನ ಕೈಯಾಗ ಬೆಳದಾಕಿ,” ಎಂದು ಮುಂದೆ ಬಾಗಿ ಅವಳ ಕೆನ್ನೆಗೆ ಮೊಣಕೈ ಒತ್ತಿ ತಿಕ್ಕಿದಳು, ಎರಡು ಸಲ. ಬೇನಜೀರ ಅಳುತ್ತಿರಲಿಲ್ಲ. “ಹೋಗು ಬೇಟಿ, ಹೊತ್ತಾತು ನಿನಗ. ಕಾಗದಾ ಒಯ್ಯಿ. ನನಗ ಯಾತಕ್ಕ ಇನ್ನ ಅದು. ನಾ ಬರಂಗಿಲ್ಲ ಹಾವೇರಿಗೆ.”

ಹೊರಗೆ ನಲ್ಲಿಯ ಹತ್ತಿರ ತಬಸ್ಸುಮ್ ಕುಕ್ಕರುಗಾಲಲ್ಲಿ ಕುಳಿತು ಕೈ ತೊಳೆಯುತ್ತಿದ್ದಳು. ಕಾಯಿ ಮುಟ್ಟದ ಕೈ, ತೊಳೆಯಬೇಕಾದ್ದೇನೂ ಇರಲಿಲ್ಲ. ಬೇನಜೀರ ಅವಳ ಹಿಂದೆ ನಿಂತಳು. ಆ ಬಗ್ಗಿದ ಬೆನ್ನು ತನಗೆ ಗೊತ್ತಿದ್ದದ್ದು ಅನಿಸಿತು. ಇಪ್ಪತ್ತೆಂಟರ ವಯಸ್ಸಿನಲ್ಲಿ ವಿಮಾನ ಹತ್ತುವ ಮೊದಲು ತಾನೂ ಹೀಗೆ ಯಾವುದೋ ನಲ್ಲಿಯ ಕೆಳಗೆ. “ತಬಸ್ಸುಮ್, ನಾನು ಖಾಲಾಗೆ ಫೋನ್ ಮಾಡಿ ಎಲ್ಲಾ ತಿಳಿಸಿ ಹೇಳ್ತೀನಿ…” ಹುಡುಗಿ ತಿರುಗಲಿಲ್ಲ. “ನೀವು ಬಂದ ಕೆಲಸ ಆತಲ್ಲರಿ ಮೇಡಂ. ಹೋಗ್ರಿ.”

ಕಾರು ಮೋಟೆಬೆನ್ನೂರು ದಾಟಿ ಹೆದ್ದಾರಿಗೆ ಬಂದಾಗ ಮುಸ್ತಾಕನ ಫೋನು ಬಂತು. ಹಿಂದೆ ಮೈಕು ಹಚ್ಚಿ ನೋಡುವ ಸದ್ದು. ಹಲೋ, ಹಲೋ, ಒಂದು, ಎರಡು. “ಮೇಡಂ, ಸ್ಟೇಜ್ ರೆಡಿ. ಕಾಗದಾ ಸಿಕ್ತೇನ್ರಿ?”

ಕಾಗದ ತೊಡೆಯ ಮೇಲಿತ್ತು. “ಸಿಕ್ತು,” ಎಂದಳು.

ಫೋನು ಇಟ್ಟು ಕಣ್ಣು ಒರೆಸಿಕೊಂಡಳು, ಬರೀ ದಣಿವಿಗೆ. ಪ್ಲಾಸ್ಟಿಕ್ಕಿನ ಅಂಚಿನ ಎಣ್ಣೆ ಬೆರಳಿಗಿತ್ತು. ಉರಿ ಮೊದಲು ರೆಪ್ಪೆಯ ಸಂದಿಯಲ್ಲಿ ಹುಡುಕಾಡಿ, ಆಮೇಲೆ ಇಡೀ ಕಣ್ಣನ್ನು ಹಿಡಿಯಿತು. ಅವಳು ಮತ್ತೆ ಒರೆಸಿದಳು, ಇನ್ನೊಂದು ಕಣ್ಣಿಗೂ ಹತ್ತಿತು. ರಸ್ತೆ, ಲಾರಿಗಳು, ಹಾವೇರಿಯ ಕಡೆ ಬಾಣ ಮಾಡಿದ ಹಸಿರು ಬೋರ್ಡು ಎಲ್ಲ ನೀರಿನಲ್ಲಿ ಕದಡಿದವು. ಹಾಲಸಿದ್ದಪ್ಪ ಕನ್ನಡಿಯಲ್ಲಿ ನೋಡಿ ಗಾಡಿ ನಿಧಾನ ಮಾಡಿದ. “ಕೈ ಹಚ್ಚಬ್ಯಾಡ್ರಿ ಕಣ್ಣಿಗೆ, ಮೇಡಂ. ಖಾರ ಹತ್ತೈತಿ. ತಿಕ್ಕಿದಷ್ಟೂ ಏರತೈತಿ ಅದು.”

“ನಮ್ಮ ಕಾಯಿಗೆ ಖಾರ ಎಲ್ಲೈತಿ,” ಎಂದಿತು ಅವಳ ಬಾಯಿ. “ಬಣ್ಣ ಅಷ್ಟ.”

ಅವನು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ಮುಗಿದು ಕೊನೆಯ ಸಿಳ್ಳೂ ನಿಂತ ಮೇಲೆ, ಕಿಟಕಿ ಇಳಿಸಿ ಉಗುಳಿ, ಕೇಳಿದ:

“ಯಾರ್ ಹೇಳ್ಯಾರ್ರಿ ನಿಮಗ?”